31 ಸ್ಪೆಕ್ ಫೈಲುಗಳನ್ನು ಡೆಬಿಯನ್‌ಗೆ ತಂದ ಬಗೆ: ನನ್ನ ಅನುಭವ

ಕಲಬುರಗಿಯ ದಾಲ್ ಮಿಲ್‌ಗಳಿಗೂ ಅಡತಿ ಅಂಗಡಿಗಳಿಗೂ ನಾವು ಹಾಕಿಕೊಟ್ಟಿದ್ದ ಕಾಟಾ-ಪಾವತಿ ತಂತ್ರಾಂಶ (ಕಾಟಾದ ತೂಕ ಓದಿ ಪಾವತಿ, ಅಂದರೆ ರಸೀದಿ, ಮುದ್ರಿಸುವುದು) ಸೆಂಟ್‌ಓಎಸ್ 7 ಎಂಬ ಲಿನಕ್ಸ್ ಡಿಸ್ಟ್ರೋದ (ವಿತರಣೆಯ) ಮೇಲೆ ಓಡುತ್ತಿತ್ತು. 2024ರ ಜೂನ್ 30ಕ್ಕೆ ಅದರ ಬೆಂಬಲ ಮುಗಿಯಿತು. ಡಿಸೆಂಬರಿನಲ್ಲಿ ತೊಗರಿ ಆವಕ ಶುರುವಾಯಿತೆಂದರೆ ಮುಂದೆ ಎರಡು-ಮೂರು ತಿಂಗಳು ಕಾಟಾದ ಕಂಪ್ಯೂಟರನ್ನು ಯಾರೂ ಮುಟ್ಟಗೊಡುವುದಿಲ್ಲ. ಹಾಗಾಗಿ ಮಳೆಗಾಲದೊಳಗೇ 31 ಪ್ಯಾಕೇಜುಗಳನ್ನು ಡೆಬಿಯನ್ 12 ಎಂಬ ಇನ್ನೊಂದು ಡಿಸ್ಟ್ರೋಗೆ ತಂದೆವು. ಸೆಂಟ್‌ಓಎಸ್‌ನಲ್ಲಿ ಒಂದು ಪ್ಯಾಕೇಜನ್ನು ಹೇಗೆ ಬಿಲ್ಡ್ ಮಾಡಬೇಕೆಂದು ಹೇಳುವುದೇ ಸ್ಪೆಕ್ ಫೈಲು. ಹೆಚ್ಚು ಹೊತ್ತು ಹಿಡಿದದ್ದು ಕೋಡ್ ತಿದ್ದುವುದಕ್ಕಲ್ಲ. ಯಾವುದಕ್ಕೆ ಯಾವ ಲೈಬ್ರರಿ ಬೇಕು, ಯಾವ ಪ್ಯಾಚ್ (ಮೂಲ ಕೋಡಿಗೆ ಹಾಕಿದ ತಿದ್ದುಪಡಿ) ಏಕೆ ಇದೆ, ಇನ್‌ಸ್ಟಾಲ್ ಆಗುವಾಗ ಯಾವ ಸ್ಕ್ರಿಪ್ಟ್ ಓಡಬೇಕು ಎಂಬ ಮಾಹಿತಿಯನ್ನು ಜೋಡಿಸುವುದಕ್ಕೆ.

ಸೆಂಟ್‌ಓಎಸ್‌ನ ಆರ್‌ಪಿಎಂ ಪ್ಯಾಕೇಜನ್ನು ಏಲಿಯನ್ ಎಂಬ ಪರಿವರ್ತಕಕ್ಕೆ ಕೊಟ್ಟು ಡೆಬಿಯನ್‌ನ ಡೆಬ್ ಪ್ಯಾಕೇಜ್ ಮಾಡಿಕೊಂಡರೆ ಮುಗಿಯಲಿಲ್ಲವೇ ಎಂದು ಕೇಳುವವರಿದ್ದಾರೆ. ಮುಗಿಯುವುದಿಲ್ಲ. ಏಲಿಯನ್ ಅವಲಂಬನೆಗಳನ್ನು (ಪ್ಯಾಕೇಜಿಗೆ ಬೇಕಾದ ಬೇರೆ ಪ್ಯಾಕೇಜುಗಳನ್ನು) ಹೊಸ ಹೆಸರಿಗೆ ತಿರುಗಿಸಿ ಕೊಡುವುದಿಲ್ಲ. ಸೆಂಟ್‌ಓಎಸ್ 7ರ ಬೈನರಿ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ ಸೋನೇಮ್ (ಲೈಬ್ರರಿಯ ಹೊಂದಾಣಿಕೆ ಹೇಳುವ ಸಂಖ್ಯೆ) 10 ಕೇಳುತ್ತದೆ, ಡೆಬಿಯನ್ 12ರಲ್ಲಿ ಇರುವುದು 3. ಮೂಲದಿಂದ ಮತ್ತೆ ಬಿಲ್ಡ್ ಮಾಡಲೇಬೇಕು.

ಮೊದಲು ಹಳೆಯ ಮಷೀನಿನಲ್ಲಿ ಏನೇನಿದೆ ಎಂದು ಪಟ್ಟಿ ತೆಗೆದೆವು: ಹೆಸರು, ಎಪೋಕ್ (ಆವೃತ್ತಿಗಿಂತ ಮೊದಲು ಹೋಲಿಸುವ ಸಂಖ್ಯೆ), ಆವೃತ್ತಿ, ರಿಲೀಸ್, ಆರ್ಕಿಟೆಕ್ಚರ್, ಈ ಐದೂ ಬೇಕು. ಬೆಂಬಲ ಮುಗಿದ ಮೇಲೆ ಸೆಂಟ್‌ಓಎಸ್ 7ರ ಮಿರರ್ ಪಟ್ಟಿ ನಿಂತುಹೋಗಿ ಪ್ಯಾಕೇಜ್ ಇಳಿಸುವ ಯಮ್ ಅಲ್ಲೇ ಕೈಚೆಲ್ಲುತ್ತದೆ. ರೆಪೊ ಫೈಲಿನಲ್ಲಿ ಮಿರರ್‌ಲಿಸ್ಟ್ ಸಾಲು ತೆಗೆದು ಬೇಸ್‌ಯುಆರ್‌ಎಲ್ ಅನ್ನು ಹಳೆಯ ಆವೃತ್ತಿಗಳ ಸಂಗ್ರಹವಾದ ವಾಲ್ಟ್‌ಗೆ ತಿರುಗಿಸಿದರೆ ಸೋರ್ಸ್ ಆರ್‌ಪಿಎಂಗಳು ಸಿಗುತ್ತವೆ. ಸ್ಪೆಕ್ ಫೈಲನ್ನು ಕಣ್ಣಲ್ಲೇ ಓದಿ ನಕಲು ಮಾಡಬೇಡಿ. ಮ್ಯಾಕ್ರೊ, ಷರತ್ತುಗಳ ಒಳಗೆ ಅರ್ಧ ಸಂಗತಿ ಅಡಗಿರುತ್ತದೆ. ಆರ್‌ಪಿಎಂಸ್ಪೆಕ್‌ನ ದೊಡ್ಡ ಪಿ ಆಯ್ಕೆಯಿಂದ ಎಲ್ಲವನ್ನೂ ಬಿಡಿಸಿಕೊಂಡು ಓದಬೇಕು.

ಬಿಡಿಸಿದ ಮಾಹಿತಿಯನ್ನು ಮೂರು ಪಾಲು ಮಾಡಿದೆವು. ತಂತ್ರಾಂಶಕ್ಕೇ ಸೇರಿದ್ದು ಮೊದಲ ಪಾಲು: ಹೆಸರು, ಆವೃತ್ತಿ, ಮೂಲದ ವಿಳಾಸ, ಅದರ ಎಸ್‌ಎಚ್‌ಎ-256 ಚೆಕ್‌ಸಮ್, ಪರವಾನಗಿ. ನಮ್ಮ ತೀರ್ಮಾನಗಳದ್ದು ಎರಡನೆಯದು: ಪ್ಯಾಚುಗಳು, ಕಾನ್ಫಿಗರ್ ಆಯ್ಕೆಗಳು, ಯಾವ ಫೈಲು ಯಾವ ಉಪಪ್ಯಾಕೇಜಿಗೆ ಎಂಬುದು. ಡಿಸ್ಟ್ರೋಗೆ ಸೇರಿದ್ದು ಮೂರನೆಯದು: ಅವಲಂಬನೆಯ ಹೆಸರು, ಡೈರೆಕ್ಟರಿ, ಇನ್‌ಸ್ಟಾಲ್ ಸ್ಕ್ರಿಪ್ಟ್. ಮೊದಲೆರಡು ಪಾಲು ಪ್ರತಿ ಪ್ಯಾಕೇಜಿಗೆ ಒಂದೊಂದು ಯಾಮಲ್ ಫೈಲಿನಲ್ಲಿ (ಸರಳ ಪಠ್ಯದ ಪಟ್ಟಿಯಲ್ಲಿ) ಕೂತವು. ಮೂರನೆಯದು ಬೇರೆ ಕಡೆ. ಚಿಕ್ಕದೊಂದು ಪೈಥಾನ್ ಸ್ಕ್ರಿಪ್ಟ್ ಎರಡನ್ನೂ ಕೂಡಿಸಿ, ಪ್ಯಾಕೇಜಿನ ವಿವರ ಹೇಳುವ ಡೆಬಿಯನ್‌ನ ಕಂಟ್ರೋಲ್ ಫೈಲನ್ನೂ, ಬೇಕಾದಾಗ ಸ್ಪೆಕ್ ಫೈಲನ್ನೂ ಬರೆದುಕೊಡುತ್ತದೆ. ಸ್ಪೆಕ್‌ನಿಂದ ನೇರ ಕಂಟ್ರೋಲ್‌ಗೆ ತಿರುಗಿಸುವ ಸ್ಕ್ರಿಪ್ಟ್ ಬರೆದಿದ್ದರೆ ಮುಂದಿನ ವಲಸೆಗೆ ಮತ್ತೆ ಅದೇ ಪಾಡು.

ಎರಡನೇ ಪಾಲಿನಲ್ಲಿ ಪ್ರತಿ ಪ್ಯಾಚಿಗೂ 'ಏಕೆ' ಎಂಬ ಸಾಲು ಕಡ್ಡಾಯ ಮಾಡಿದೆವು. ಅದು ಖಾಲಿಯಿದ್ದರೆ ಸ್ಕ್ರಿಪ್ಟ್ ಮುಂದೆ ಹೋಗುವುದೇ ಇಲ್ಲ. ಕಾರಣ ಗೊತ್ತಿಲ್ಲದ ಪ್ಯಾಚನ್ನು ತೆಗೆದು ಬಿಲ್ಡ್ ಮಾಡಿ, ಏನು ಮುರಿಯುತ್ತದೆ ನೋಡಿ, ಅದನ್ನೇ ಕಾರಣವಾಗಿ ಬರೆದೆವು. ಲೈಬ್ರರಿಯನ್ನು ಲಿಬ್64 ಡೈರೆಕ್ಟರಿಗೆ ಹಾಕುವುದಕ್ಕಷ್ಟೇ ಇದ್ದ ಪ್ಯಾಚುಗಳು ಹೀಗೇ ಬಿದ್ದುಹೋದವು, ಏಕೆಂದರೆ ಡೆಬಿಯನ್‌ನಲ್ಲಿ ಲೈಬ್ರರಿಗಳ ಜಾಗ ಆರ್ಕಿಟೆಕ್ಚರ್ ಹೆಸರಿನ ಬೇರೆ ಡೈರೆಕ್ಟರಿ. ಹೊಸದಾಗಿ ಸೇರಿದ ಪ್ಯಾಚುಗಳೂ ಇವೆ. ಸೆಂಟ್‌ಓಎಸ್ 7ರಲ್ಲಿ ಸಿ ಕಂಪೈಲರ್ ಜಿಸಿಸಿ 4.8.5 ಇತ್ತು, ಡೆಬಿಯನ್ 12ರಲ್ಲಿ ಜಿಸಿಸಿ 12 ಇದೆ. ಜಿಸಿಸಿ 10ರಿಂದ ಈಚೆಗೆ, ಹೆಡರ್‌ನೊಳಗೆ ಎಕ್ಸ್‌ಟರ್ನ್ ಇಲ್ಲದೆ ಬರೆದ ಗ್ಲೋಬಲ್ ವೇರಿಯಬಲ್ ಎರಡು ಸಿ ಫೈಲುಗಳಿಗೆ ಸೇರಿದರೆ ಲಿಂಕರ್ 'ಎರಡು ಸಲ ವ್ಯಾಖ್ಯಾನವಾಗಿದೆ' ಎಂದು ನಿಲ್ಲುತ್ತದೆ. ಎಫ್‌ಕಾಮನ್ ಫ್ಲ್ಯಾಗ್ ಕೊಟ್ಟು ದಾಟಿಸಬಹುದು, ಆದರೆ ಎಕ್ಸ್‌ಟರ್ನ್ ಹಾಕುವುದೇ ಸರಿಯಾದ ದಾರಿ.

ಅವಲಂಬನೆಯ ಹೆಸರುಗಳನ್ನು ಹೊಂದಿಸುವಾಗ ಎಲ್ಲರೂ ಎಡವುವುದು ಒಂದೇ ಕಡೆ: ಆಚೆಯ ಹೆಸರಿಗೆ ಈಚೆಯ ಹೆಸರು ಎಂದು ಎರಡು ಕಾಲಂ ಪಟ್ಟಿ ಮಾಡುವುದು. ಜೆಡ್‌ಲಿಬ್-ಡೆವೆಲ್ ಇಲ್ಲಿ ಜೆಡ್‌ಲಿಬ್1ಜಿ-ಡೆವ್, ಓಪನ್‌ಎಸ್‌ಎಸ್‌ಎಲ್-ಡೆವೆಲ್ ಇಲ್ಲಿ ಲಿಬ್‌ಎಸ್‌ಎಸ್‌ಎಲ್-ಡೆವ್. ಇಲ್ಲಿಯವರೆಗೆ ನೇರ. ಪೋಸ್ಟ್‌ಗ್ರೆಎಸ್‌ಕ್ಯುಎಲ್-ಡೆವೆಲ್ ಬಂದಾಗ ಪಟ್ಟಿ ಮುರಿಯುತ್ತದೆ. ಡೆಬಿಯನ್ 12ರಲ್ಲಿ ಡೇಟಾಬೇಸಿಗೆ ಸಂಪರ್ಕ ಕೊಡುವ ಪ್ರೋಗ್ರಾಮಿಗೆ ಬೇಕಾದದ್ದು ಲಿಬ್‌ಪಿಕ್ಯು-ಡೆವ್. ಡೇಟಾಬೇಸಿನ ಒಳಗೇ ಓಡುವ ಎಕ್ಸ್‌ಟೆನ್ಷನ್‌ಗೆ ಬೇಕಾದದ್ದು ಪೋಸ್ಟ್‌ಗ್ರೆಎಸ್‌ಕ್ಯುಎಲ್-ಸರ್ವರ್-ಡೆವ್-15. ಯಾವುದು ಬೇಕೆಂದು ಪ್ಯಾಕೇಜಿನ ಹೆಸರು ಹೇಳುವುದಿಲ್ಲ, ಕೋಡ್ ಸೇರಿಸಿಕೊಂಡಿರುವ ಹೆಡರ್ ಹೇಳುತ್ತದೆ. ಹಾಗಾಗಿ ನಮ್ಮ ಪಟ್ಟಿಯ ಮೊದಲ ಕಾಲಂ 'ನಿಜವಾಗಿ ಬಳಸುವುದು ಏನು' ಎಂಬುದು: ಹೆಡರ್, ಪಿಕೆಜಿ-ಕಾನ್ಫಿಗ್ ಹೆಸರು, ಕಮಾಂಡ್ ಅಥವಾ ಡೇಟಾ ಫೈಲು. ಆಮೇಲಿನ ಕಾಲಂಗಳಲ್ಲಿ ಒಂದೊಂದು ಡಿಸ್ಟ್ರೋದ ಹೆಸರು. ಸೆಂಟ್‌ಓಎಸ್ ಬದಿಯದನ್ನು ಆರ್‌ಪಿಎಂನ ಕ್ಯುಎಫ್ ಆಯ್ಕೆಯಿಂದಲೂ ಡೆಬಿಯನ್ ಬದಿಯದನ್ನು ಆಪ್ಟ್-ಫೈಲ್‌ನಿಂದಲೂ ತುಂಬಿದೆವು.

ಡೇಟಾ ಫೈಲುಗಳ ಸಾಲನ್ನು ಯಾವ ಉಪಕರಣವೂ ತುಂಬಿಕೊಡುವುದಿಲ್ಲ. ಲೈಬ್ರರಿಗಳನ್ನು ಡಿಪಿಕೆಜಿ-ಎಸ್‌ಎಚ್‌ಲಿಬ್‌ಡೆಪ್ಸ್ ತಾನೇ ಹುಡುಕಿ ಹಾಕುತ್ತದೆ, ಫಾಂಟ್ ಅದರ ಕಣ್ಣಿಗೆ ಬೀಳದು. ಬಿಲ್ಡ್ ಸಲೀಸು, ಇನ್‌ಸ್ಟಾಲ್ ಸಲೀಸು, ಪರೀಕ್ಷೆಗಳೂ ಪಾಸು. ಮಿಲ್ಲಿನಲ್ಲಿ ಪ್ರಿಂಟರಿನಿಂದ ಬಂದ ಪಾವತಿಯ ಮೇಲೆ ರೈತರ ಹೆಸರಿನ ಜಾಗದಲ್ಲಿ ಬರೀ ಖಾಲಿ ಚೌಕಗಳು. 'ಅಕ್ಷರ ಬರವಲ್ದ್ರೀ ಸರ' ಎಂದು ಮುನೀಮರು ಫೋನ್ ಮಾಡಿದಾಗಲೇ ಗೊತ್ತಾಗುವ ತಪ್ಪಿದು. ಸ್ಪೆಕ್‌ನಲ್ಲಿ 'ಕನ್ನಡ ಭಾಷೆಯ ಯಾವುದಾದರೂ ಫಾಂಟ್' ಎಂದು ಕೇಳುವ ಸೌಲಭ್ಯವಿದೆ, ಡೆಬಿಯನ್‌ನಲ್ಲಿ ಅದಿಲ್ಲ. ಲೋಹಿತ್ ಬೇಕಿದ್ದರೆ ಫಾಂಟ್ಸ್-ಲೋಹಿತ್-ಕೆಎನ್‌ಡಿಎ ಎಂದು ಹೆಸರಿಟ್ಟೇ ಬರೆಯಬೇಕು. ಪಾವತಿಯ ಅಗಲ ಫಾಂಟಿನ ಮೇಲೆ ನಿಂತಿರುವುದರಿಂದ ಹೀಗೆ ಹೆಸರಿಟ್ಟು ಕೇಳುವುದೇ ಒಳ್ಳೆಯದು.

ಇನ್ನು ಇನ್‌ಸ್ಟಾಲ್ ಸ್ಕ್ರಿಪ್ಟ್. ಇಲ್ಲಿ ತಪ್ಪಾದರೆ ಸದ್ದಿಲ್ಲದೆ ಆಗುತ್ತದೆ. ಆರ್‌ಪಿಎಂ ಸ್ಕ್ರಿಪ್ಟಿಗೆ $1 (ಸ್ಕ್ರಿಪ್ಟಿಗೆ ಸಿಗುವ ಮೊದಲ ಮಾಹಿತಿ) ಎಂದರೆ ಸಂಖ್ಯೆ: ಇನ್‌ಸ್ಟಾಲ್ ಆದ ಮೇಲೆ ಓಡುವ ಪೋಸ್ಟ್‌ನಲ್ಲಿ 1 ಇದ್ದರೆ ಹೊಸದು, 2 ಇದ್ದರೆ ಅಪ್‌ಗ್ರೇಡ್, ತೆಗೆಯುವ ಮುನ್ನ ಓಡುವ ಪ್ರಿಅನ್‌ನಲ್ಲಿ 0 ಇದ್ದರೆ ಪೂರ್ತಿ ತೆಗೆಯುವುದು. ಡೆಬಿಯನ್‌ನಲ್ಲಿ $1 ಎಂದರೆ 'ಕಾನ್ಫಿಗರ್', 'ರಿಮೂವ್', 'ಅಪ್‌ಗ್ರೇಡ್' ಎಂಬ ಪದ. '$1 ಸೊನ್ನೆಯಾದರೆ ಸೇವೆ ನಿಲ್ಲಿಸು' ಎಂಬ ಸಾಲನ್ನು ಹಾಗೇ ತಂದು ಡೆಬಿಯನ್‌ನಲ್ಲಿ ತೆಗೆಯುವ ಮುನ್ನ ಓಡುವ ಪ್ರಿಆರ್‌ಎಂಗೆ ಅಂಟಿಸಿದರೆ, ಸ್ಕ್ರಿಪ್ಟ್ ಓಡಿಸುವ ಡ್ಯಾಶ್ ಶೆಲ್ 'ಇದು ಸಂಖ್ಯೆಯಲ್ಲ' ಎಂದು ಒಂದು ಸಾಲು ಗೊಣಗಿ ಷರತ್ತನ್ನು ಸುಳ್ಳೆಂದು ಬಿಟ್ಟು ಮುಂದೆ ಹೋಗುತ್ತದೆ. ಷರತ್ತಿನೊಳಗಿನ ತಪ್ಪಾದ್ದರಿಂದ, ತಪ್ಪು ಕಂಡರೆ ಸ್ಕ್ರಿಪ್ಟ್ ನಿಲ್ಲಿಸುವ ಸೆಟ್-ಇ ಕೂಡ ಹಿಡಿಯುವುದಿಲ್ಲ. ಸೇವೆ ಓಡುತ್ತಲೇ ಇರುತ್ತದೆ, ಅದರ ಕೆಳಗಿನ ಫೈಲುಗಳು ಮಾತ್ರ ಹೋಗಿರುತ್ತವೆ.

ಪಾವತಿ ಸಂಖ್ಯೆಯ ಫೈಲು ಇದಕ್ಕಿಂತ ಸೂಕ್ಷ್ಮ. ಹೊಸದಾಗಿ ಹಾಕಿದಾಗ ಮಾತ್ರ ಅದು 1ರಿಂದ ಶುರುವಾಗಬೇಕು. 'ಕಾನ್ಫಿಗರ್ ಎಂದು ಬಂದರೆ ಫೈಲು ಬರೆ' ಎಂದಷ್ಟೇ ಬರೆದರೆ ಪ್ರತಿ ಅಪ್‌ಗ್ರೇಡಿಗೂ ಎಣಿಕೆ 1ಕ್ಕೆ ಮರಳುತ್ತದೆ, ಒಂದೇ ಸಂಖ್ಯೆಯ ಎರಡು ಪಾವತಿ ಹೊರಬೀಳುತ್ತವೆ. ಡೆಬಿಯನ್‌ನಲ್ಲಿ ಇನ್‌ಸ್ಟಾಲ್ ಆದ ಮೇಲೆ ಓಡುವ ಪೋಸ್ಟ್‌ಇನ್‌ಸ್ಟ್‌ನಲ್ಲಿ $1 ಕಾನ್ಫಿಗರ್ ಆಗಿದ್ದು $2 ಖಾಲಿಯಿದ್ದರೆ ಮಾತ್ರ ಮೊದಲ ಸಲ. ಅಪ್‌ಗ್ರೇಡ್ ಆದರೆ $2ರಲ್ಲಿ ಹಳೆಯ ಆವೃತ್ತಿ ಇರುತ್ತದೆ. ಅದರ ಮೇಲೆ 'ಫೈಲು ಈಗಾಗಲೇ ಇದ್ದರೆ ಮುಟ್ಟಬೇಡ' ಎಂಬ ಕಾವಲನ್ನೂ ಹಾಕಿದೆವು. ಎರಡೂ ಇರಲಿ. ಯಾಮಲ್ ಫೈಲಿನಲ್ಲಿ ನಾವು ಸ್ಕ್ರಿಪ್ಟನ್ನೇ ಬರೆಯುವುದಿಲ್ಲ. 'ಮೊದಲ ಸಲ', 'ಅಪ್‌ಗ್ರೇಡ್', 'ತೆಗೆಯುವಾಗ' ಎಂಬ ಮೂರು ಸಂದರ್ಭಕ್ಕೆ ಆಗಬೇಕಾದ್ದನ್ನು ಬರೆದಿಡುತ್ತೇವೆ. $1ರ ಲೆಕ್ಕ ಪೈಥಾನ್ ಸ್ಕ್ರಿಪ್ಟಿನದು.

ಕಾನ್ಫಿಗ್ ಫೈಲಿನದು ಬೇರೆ ತೊಡಕು. ನಮ್ಮ ಹಳೆಯ ಪೋಸ್ಟ್ ಸ್ಕ್ರಿಪ್ಟ್ ಸೆಡ್ ಬಳಸಿ ಕಾಟಾದ ಸೀರಿಯಲ್ ಪೋರ್ಟನ್ನು ಕಾನ್ಫಿಗ್ ಫೈಲಿಗೇ ಬರೆಯುತ್ತಿತ್ತು. ಡೆಬಿಯನ್‌ನಲ್ಲಿ ಕಾನ್‌ಫೈಲನ್ನು (ಪ್ಯಾಕೇಜಿನೊಂದಿಗೆ ಬರುವ ಕಾನ್ಫಿಗ್ ಫೈಲನ್ನು) ಪ್ಯಾಕೇಜಿನ ಸ್ಕ್ರಿಪ್ಟ್ ತಿದ್ದಬಾರದು. ತಿದ್ದಿದರೆ, ಹೊಸ ಆವೃತ್ತಿಯಲ್ಲಿ ಆ ಫೈಲು ಬದಲಾದಾಗಲೆಲ್ಲ ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಡಿಪಿಕೆಜಿ 'ಯಾವುದು ಇರಲಿ' ಎಂದು ಕೇಳಿ ಉತ್ತರಕ್ಕೆ ಕಾಯುತ್ತದೆ. ರಾತ್ರಿ ಮಿಲ್ಲಿನಲ್ಲಿ ಉತ್ತರಿಸಲು ಯಾರಿರುತ್ತಾರೆ? ಮೂಲ ಮೌಲ್ಯಗಳನ್ನು ಶೇರ್ ಡೈರೆಕ್ಟರಿಗೆ ಸರಿಸಿ, ಆ ಮಿಲ್ಲಿನ ಪೋರ್ಟನ್ನಷ್ಟೇ ಪ್ಯಾಕೇಜಿಗೆ ಸೇರದ ಇನ್ನೊಂದು ಫೈಲಿನಲ್ಲಿ ಇಟ್ಟೆವು.

ಆವೃತ್ತಿ ಸಂಖ್ಯೆಯಲ್ಲಿ ನೆನಪಿಡಬೇಕಾದ್ದು ಎರಡೇ. 2.4ಆರ್‌ಸಿ1 ಎಂದು ಬರೆದರೆ ಅದು 2.4ಕ್ಕಿಂತ ಹೊಸದೆಂದು ಎರಡೂ ಕಡೆ ಲೆಕ್ಕ, 2.4~ಆರ್‌ಸಿ1 ಎಂದು ಬರೆದರೆ ಹಳೆಯದು. ಎಪೋಕ್ ಅನ್ನು ಹೊಸ ಡಿಸ್ಟ್ರೋದಲ್ಲಿ ಬಿಡಬಹುದು, ಅಲ್ಲಿ ಹಳೆಯ ಪ್ಯಾಕೇಜೇ ಇಲ್ಲವಲ್ಲ. ಆದರೆ ಬೇರೆ ಪ್ಯಾಕೇಜುಗಳ ಅವಲಂಬನೆಯ ಸಾಲಿನಲ್ಲಿ '1:1.0 ಅಥವಾ ಹೊಸದು' ಎಂದು ಉಳಿದುಹೋದರೆ 1.2 ಕೂಡ ಸಾಲದು. ಎಲ್ಲವನ್ನೂ ಒಟ್ಟಿಗೇ ತೆಗೆಯಬೇಕು.

ಚೇಂಜ್‌ಲಾಗ್‌ನ ದಿನಾಂಕ ಕನ್ನಡಿಗರಿಗೂ ಬರುವ ತೊಂದರೆ. ಮಷೀನಿನ ಲೊಕೇಲ್ (ಭಾಷೆಯ ಸೆಟ್ಟಿಂಗ್) ಕನ್ನಡವಿದ್ದರೆ ಶೆಲ್ ಸ್ಕ್ರಿಪ್ಟಿನ ಡೇಟ್ ಕಮಾಂಡ್ ವಾರ, ತಿಂಗಳುಗಳನ್ನು ಕನ್ನಡದಲ್ಲೇ ಕೊಡುತ್ತದೆ, ಡೆಬಿಯನ್ ಚೇಂಜ್‌ಲಾಗ್ ಇಂಗ್ಲಿಷ್ ಹೆಸರನ್ನೇ ಕೇಳುತ್ತದೆ. ಡೇಟ್‌ಗೆ ದೊಡ್ಡ ಆರ್ ಆಯ್ಕೆ ಕೊಟ್ಟರೆ ಲೊಕೇಲ್ ಏನೇ ಇದ್ದರೂ ಸರಿಯಾದ ರೂಪ ಬರುತ್ತದೆ. ಹೆಸರು-ಮೇಲ್‌ಗೂ ದಿನಾಂಕಕ್ಕೂ ನಡುವೆ ಎರಡು ಖಾಲಿ ಜಾಗ ಇರಬೇಕು, ಒಂದಲ್ಲ.

ಬಿಲ್ಡ್ ಯಾವಾಗಲೂ ಎಸ್‌ಬಿಲ್ಡ್‌ನ ಖಾಲಿ ಕ್ರೂಟ್‌ನಲ್ಲೇ (ಪ್ರತ್ಯೇಕಿಸಿದ ಡೆಬಿಯನ್ ಪರಿಸರದಲ್ಲೇ). ಸ್ವಂತ ಮಷೀನಿನಲ್ಲಿ ಡೆವ್ ಪ್ಯಾಕೇಜುಗಳೆಲ್ಲ ಮೊದಲೇ ಇರುತ್ತವೆ, ಬಿಟ್ಟುಹೋದ ಬಿಲ್ಡ್-ಡಿಪೆಂಡ್ಸ್ ಅಲ್ಲಿ ಗೊತ್ತಾಗುವುದೇ ಇಲ್ಲ. ಆಪ್ಟ್-ಕ್ಯಾಚರ್-ಎನ್‌ಜಿ ಹಾಕಿಕೊಂಡರೆ ಪ್ರತಿ ಸಲ ನೆಟ್‌ನಿಂದ ಇಳಿಸುವುದು ತಪ್ಪುತ್ತದೆ. ರೆಪೊಸಿಟರಿಗೆ ರೆಪ್ರೆಪ್ರೊ ಬಳಸಿದೆವು. ಪ್ಯಾಕೇಜ್ ಸೇರಿಸುವ ನಡುವೆ ಕರೆಂಟ್ ಹೋದರೆ ಅದರ ಡಿಬಿ ಡೈರೆಕ್ಟರಿಯಲ್ಲಿ ಲಾಕ್‌ಫೈಲ್ ಉಳಿಯುತ್ತದೆ. ಬೇರೆ ರೆಪ್ರೆಪ್ರೊ ಓಡುತ್ತಿಲ್ಲವೆಂದು ನೋಡಿಕೊಂಡು ಕೈಯಿಂದ ಅಳಿಸಬೇಕು. ಅದೇ ಆವೃತ್ತಿ ಸಂಖ್ಯೆಯಲ್ಲಿ ಮತ್ತೆ ಬಿಲ್ಡ್ ಮಾಡಿದ ಡೆಬ್‌ನ ಚೆಕ್‌ಸಮ್ ಬೇರೆಯಾದರೆ ರೆಪ್ರೆಪ್ರೊ ಒಪ್ಪುವುದಿಲ್ಲ. ಬಲವಂತ ಮಾಡದೆ -1 ಇದ್ದದ್ದನ್ನು -2 ಮಾಡಿ ಚೇಂಜ್‌ಲಾಗ್‌ನಲ್ಲಿ ಒಂದು ಸಾಲು ಸೇರಿಸುವುದೇ ಸರಿ.

ಹಳೆಯ ಡೇಟಾವನ್ನು ಆರ್‌ಸಿಂಕ್‌ನಲ್ಲಿ ತರುವಾಗ ಒಡೆತನವನ್ನು ಹೆಸರಿನಿಂದ ಹೊಂದಿಸಿ, ಸಂಖ್ಯೆಯಿಂದಲ್ಲ. ಸೇವೆಯ ಬಳಕೆದಾರನ ಯುಐಡಿ (ಗುರುತಿನ ಸಂಖ್ಯೆ) ಎರಡು ಡಿಸ್ಟ್ರೋಗಳಲ್ಲಿ ಬೇರೆಯಿರುತ್ತದೆ. ಸಂಖ್ಯೆಯಿಂದ ಹೊಂದಿಸಿದರೆ ಫೈಲುಗಳು ಇನ್ಯಾವುದೋ ಸೇವೆಯ ಹೆಸರಿಗೆ ಹೋಗಿ ಕೂರುತ್ತವೆ. ಇದಾದ ಮೇಲೆ ಕಾಟಾದ ಮೇಲೆ ಖಾಲಿ ಲಾರಿ ನಿಲ್ಲಿಸಿ ಒಂದು ಪಾವತಿ ತೆಗೆಯಿರಿ. ಅಕ್ಷರ ಸರಿ ಮೂಡಿದೆಯೇ, ಸಂಖ್ಯೆ ಹಳೆಯ ಮಷೀನಿನ ಕೊನೆಯ ಪಾವತಿಗಿಂತ ಒಂದು ಹೆಚ್ಚಿದೆಯೇ ನೋಡಿ. ಅಲ್ಲಿಯವರೆಗೆ ಹಳೆಯ ಡಿಸ್ಕನ್ನು ಅಳಿಸಬೇಡಿ.