ಡ್ರ್ಯಾಗನ್ ಕಲಿಯುವವರು ಸಿ3 ಮನೆಯಿಂದ ಆರಂಭಿಸಿ

ಚದುರಂಗದಲ್ಲಿ (ಚೆಸ್) ಕಪ್ಪು ಕಾಯಿಗಳಿಗಾಗಿ ಸಿಸಿಲಿಯನ್ ಡ್ರ್ಯಾಗನ್ ಎಂಬ ಆರಂಭದ ನಡೆಗಳ ಕ್ರಮವನ್ನು ಕಲಿಯಲು ಹೊರಟಿರುವ ನಮ್ಮ ಬೆಳಗಾವಿ ಬಳಗದ ಆಟಗಾರರು, ನಡೆಗಳ ಸರಣಿಯನ್ನು ಬಾಯಿಪಾಠ ಮಾಡುವುದಕ್ಕೆ ಮೊದಲು, ಸಿ8ರ (ಸಿ ಎಂಬ ಉದ್ದಸಾಲಿನ ಎಂಟನೆಯ ಮನೆಯ) ನಮ್ಮ ಆನೆಯನ್ನು ಕೊಟ್ಟು ಸಿ3ರಲ್ಲಿರುವ ಬಿಳಿಯವರ ಕುದುರೆಯನ್ನು ಹೊಡೆಯುವ ಬಲಿದಾನವೊಂದನ್ನೇ ಬೇರೆ ಬೇರೆ ಸ್ಥಿತಿಗಳಲ್ಲಿ ಹಲಗೆಯ ಮೇಲೆ ಇಟ್ಟು ಆಡಿ ನೋಡುವುದು ಒಳ್ಳೆಯದು. ಬಿಳಿಯವರು ಕಾಲಾಳನ್ನು ಎಫ್3ಕ್ಕೆ ನಡೆಸಿ, ರಾಣಿಯನ್ನು ಡಿ2ಕ್ಕೆ ತಂದು, ರಾಣಿಯ ಬದಿಗೆ ಕ್ಯಾಸ್ಲಿಂಗ್ (ರಾಜನನ್ನೂ ಆನೆಯನ್ನೂ ಒಂದೇ ನಡೆಯಲ್ಲಿ ಸರಿಸುವುದು) ಮಾಡುವ ಯುಗೊಸ್ಲಾವ್ ದಾಳಿಯಲ್ಲಿ ಡಿ5 ಮತ್ತು ಎ2 ಮನೆಗಳನ್ನು ಕಾಯುವುದು ಆ ಕುದುರೆಯೇ. ಅದು ಹೋಗಿ ಬಿ2ರ ಕಾಲಾಳು ಸಿ3ಕ್ಕೆ ಸರಿಯಿತೆಂದರೆ ರಾಜನ ಮುಂದಿನ ಗೋಡೆ ಒಡೆಯುತ್ತದೆ, ಎ5ರಲ್ಲಿರುವ ನಮ್ಮ ರಾಣಿಗೆ ಎ2 ಮತ್ತು ಸಿ3 ಎರಡೂ ಗುರಿಯಾಗುತ್ತವೆ. ಈ ಗುರಿ ತಿಳಿದವರಿಗೆ ಆನೆ ಸಿ8ಕ್ಕೆ, ಕುದುರೆ ಇ5ಕ್ಕೆ ಏಕೆ ಹೋಗುತ್ತವೆ ಎಂಬುದನ್ನು ಬೇರೆಯಾಗಿ ನೆನಪಿಡಬೇಕಾಗಿಲ್ಲ. ಆದರೆ ಬಿಳಿಯವರು ಒಂಟೆಯನ್ನು ಇ2ರಲ್ಲಿಟ್ಟು ರಾಜನ ಬದಿಗೇ ಕ್ಯಾಸ್ಲಿಂಗ್ ಮಾಡಿದಾಗ ಈ ಬಲಿದಾನದಿಂದ ಸಾಮಾನ್ಯವಾಗಿ ಇ4ರ ಕಾಲಾಳಿಗಿಂತ ಹೆಚ್ಚೇನೂ ದಕ್ಕುವುದಿಲ್ಲ. ಎಚ್ ಸಾಲು ಆಗಲೇ ತೆರೆದು ಎಚ್7ರಲ್ಲಿ ಮಾತ್ (ಚೆಕ್‌ಮೇಟ್) ಬೆದರಿಕೆ ನಿಂತಿದ್ದರಂತೂ ಅದಕ್ಕೆ ಸಮಯವೇ ಇರುವುದಿಲ್ಲ. ಎರಡನೆಯ ನಡೆಯಲ್ಲೇ ಕಾಲಾಳನ್ನು ಸಿ3ಕ್ಕೆ ನಡೆಸುವ ಅಲಾಪಿನ್ ಎಂಬ ಕ್ರಮದ ಪ್ರಿಯರ ಎದುರು ಡ್ರ್ಯಾಗನ್ ಬರುವುದೇ ಇಲ್ಲವಾದ್ದರಿಂದ, ಅದಕ್ಕೆ ಕಾಲಾಳು ಡಿ5 ಅಥವಾ ಕುದುರೆ ಎಫ್6 ಉತ್ತರವನ್ನು ಪ್ರತ್ಯೇಕವಾಗಿ ಸಿದ್ಧಮಾಡಿಕೊಂಡಿರಬೇಕು.