ಸ್ಪ್ರಿಂಗ್ ಮುಟ್ಟಬೇಡಿ, ಉಳಿದದ್ದೆಲ್ಲ ನೀವೇ ನೋಡಿಕೊಳ್ಳಿ: ಗ್ಯಾರೇಜ್ ಬಾಗಿಲಿನ ಜೊತೆ ನನ್ನ ಅನುಭವ

ನಮ್ಮ ಮನೆಯಲ್ಲಿ ಚಲಿಸುವ ವಸ್ತುಗಳಲ್ಲೆಲ್ಲ ದೊಡ್ಡದು ಗ್ಯಾರೇಜ್ ಬಾಗಿಲು. ಎರಡು ಕಾರು ಹಿಡಿಸುವ ಸ್ಟೀಲ್ ಬಾಗಿಲಿನ ತೂಕ ಸಲೀಸಾಗಿ 100 ಕಿಲೋ ದಾಟಬಹುದು. ದಿನಾ ಮಕ್ಕಳ ತಲೆಯ ಮೇಲೆ ಅದು ಹೋಗಿ ಬರುತ್ತದೆ. ಆದರೂ ಗ್ಯಾಸ್, ಕರೆಂಟ್ ಬಗ್ಗೆ ಇರುವ ಭಯ ಇದರ ಬಗ್ಗೆ ಯಾರಿಗೂ ಇರುವುದಿಲ್ಲ. ಬಟನ್ ಒತ್ತಿದರೆ ಹೂವಿನ ಹಾಗೆ ಮೇಲೇರುತ್ತದಲ್ಲ, ಅದಕ್ಕೇ ಇರಬೇಕು.

ಹಾಗೆ ಹಗುರವಾಗಿ ಏರುವುದಕ್ಕೆ ಕಾರಣ ಮೋಟಾರ್ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹೆಚ್ಚುಕಮ್ಮಿ ಇಡೀ ಭಾರ ಹೊರುವುದು ಸ್ಪ್ರಿಂಗ್. ಬಾಗಿಲಿನ ಮೇಲೆ ಅಡ್ಡಕ್ಕೆ ಒಂದು ದಂಡ ಇದ್ದು, ಅದರ ಸುತ್ತ ದಪ್ಪ ಸ್ಪ್ರಿಂಗ್ ಇದ್ದರೆ ಅದು ಟಾರ್ಷನ್ ಸ್ಪ್ರಿಂಗ್. ಎರಡೂ ಪಕ್ಕದ ಟ್ರ್ಯಾಕ್ ಉದ್ದಕ್ಕೂ ಎಳೆದು ಕಟ್ಟಿದ ಸ್ಪ್ರಿಂಗ್ ಇದ್ದರೆ ಎಕ್ಸ್‌ಟೆನ್ಷನ್ ಸ್ಪ್ರಿಂಗ್. ಮೋಟಾರ್ ಬರೀ ತಳ್ಳಿ ಎಳೆಯುವ ಕೆಲಸ ಮಾಡುತ್ತದೆ. ಇದು ತಲೆಗೆ ಹೋದ ಮೇಲೆ ನಾನು ನೋಡುವ ಕ್ರಮವೇ ಬದಲಾಯಿತು. ಮೊದಲು ಬಾಗಿಲು, ಆಮೇಲೆ ಮೋಟಾರ್, ಕೊನೆಗೆ ರಿಮೋಟು.

ಬಾಗಿಲಿನ ಪರೀಕ್ಷೆ ಸುಲಭ. ಬಾಗಿಲು ಪೂರ್ತಿ ಮುಚ್ಚಿರುವಾಗ ಮೋಟಾರ್ ಹಳಿಯಿಂದ ನೇತಾಡುವ ಕೆಂಪು ಹಗ್ಗ ಎಳೆಯಿರಿ. ಮೋಟಾರಿನಿಂದ ಬಾಗಿಲು ಬಿಡಿಸಿಕೊಳ್ಳುತ್ತದೆ. ಈಗ ಹಿಡಿಕೆ ಹಿಡಿದು ಕೈಯಲ್ಲೇ ಸೊಂಟದ ಎತ್ತರಕ್ಕೆ ಎತ್ತಿ, ಕೈ ಪೂರ್ತಿ ತೆಗೆಯದೆ ಹಿಡಿತ ಮಾತ್ರ ಸಡಿಲಿಸಿ. ಸರಿಯಾಗಿದ್ದರೆ ಅಲ್ಲೇ ನಿಲ್ಲುತ್ತದೆ. ನಮ್ಮದು ನಿಲ್ಲಲಿಲ್ಲ, ಮೆಲ್ಲಗೆ ಜಾರತೊಡಗಿತು. ಅಂದರೆ ಸ್ಪ್ರಿಂಗ್ ಸೋತಿದೆ, ಮೋಟಾರ್ ತನ್ನದಲ್ಲದ ಭಾರ ಹೊರುತ್ತಿದೆ. ಸಾಮಾನ್ಯ ಸ್ಪ್ರಿಂಗಿಗೆ ಸುಮಾರು 10,000 ಸಲ ತೆರೆದು ಮುಚ್ಚುವಷ್ಟು ಆಯಸ್ಸು ಅಂತ ಲೆಕ್ಕ. ದಿನಕ್ಕೆ ನಾಲ್ಕು ಸಲ ಅಂದರೂ ಏಳು ವರ್ಷದ ಒಳಗೇ ಮುಗಿಯಿತು.

ಇಲ್ಲಿಗೆ ನನ್ನ ಕೆಲಸ ನಿಂತಿತು, ಮೆಕ್ಯಾನಿಕ್ ಕರೆಸಿದೆ. ಮನೆಯ ರಿಪೇರಿ ಎಲ್ಲ ನಾನೇ ಮಾಡಿಕೊಳ್ಳುವವನು, ಆದರೆ ಸುತ್ತಿಟ್ಟ ಸ್ಪ್ರಿಂಗಿಗೆ ಕೈ ಹಾಕುವುದಿಲ್ಲ. ಬಂದವರು ಮೊದಲು ಟ್ರ್ಯಾಕಿಗೆ ಲಾಕಿಂಗ್ ಪ್ಲೈಯರ್ ಕಚ್ಚಿಸಿ ಬಾಗಿಲು ಏಳದ ಹಾಗೆ ಮಾಡಿದರು. ಹೊಸ ಸ್ಪ್ರಿಂಗಿನ ಮೈಮೇಲೆ ಉದ್ದಕ್ಕೆ ಒಂದು ಬಣ್ಣದ ಗೆರೆ ಇತ್ತು, ಕಬ್ಬಿಣದ ಸರಳು ಸಿಕ್ಕಿಸಿ ಕಾಲುಕಾಲು ಸುತ್ತು ತಿರುಗಿಸುತ್ತಾ ಹೋದ ಹಾಗೆ ಆ ಗೆರೆ ಸುರುಳಿ ಸುತ್ತಿಕೊಂಡಿತು, ಎಷ್ಟು ಸುತ್ತು ಆಯಿತು ಅಂತ ಅದನ್ನು ನೋಡಿಯೇ ಎಣಿಸುವುದಂತೆ. 7 ಅಡಿ ಎತ್ತರದ ಬಾಗಿಲಿಗೆ ಸುಮಾರು ಏಳೂವರೆ ಸುತ್ತು. ಅಷ್ಟು ಶಕ್ತಿ ಆ ಸರಳಿನ ತುದಿಯಲ್ಲಿ ಕೂತಿರುತ್ತದೆ. ಜಾರಿದರೆ ಕೈ ಮೂಳೆ ಉಳಿಯುವುದು ಕಷ್ಟ. ಎರಡು ಸ್ಪ್ರಿಂಗಿನಲ್ಲಿ ಒಂದು ಹೋಗಿದ್ದರೂ ಎರಡನ್ನೂ ಬದಲಿಸಿ ಅಂದರು, ಒಪ್ಪಿದೆ. ಎರಡಕ್ಕೂ ಒಂದೇ ವಯಸ್ಸು ತಾನೇ.

ನಿಮ್ಮದು ಎಕ್ಸ್‌ಟೆನ್ಷನ್ ಸ್ಪ್ರಿಂಗ್ ಆಗಿದ್ದರೆ ಒಂದನ್ನು ಇವತ್ತೇ ನೋಡಿ. ಸ್ಪ್ರಿಂಗಿನ ಒಳಗಿನಿಂದ ತೆಳ್ಳಗಿನ ತಂತಿ ಹಗ್ಗ ಹಾದು ಎರಡೂ ಕಡೆ ಕಟ್ಟಿದೆಯಾ? ಇಲ್ಲದಿದ್ದರೆ ಸ್ಪ್ರಿಂಗ್ ತುಂಡಾದ ದಿನ ಅದು ಗ್ಯಾರೇಜಿನ ಉದ್ದಕ್ಕೂ ಹಾರುತ್ತದೆ. ಆ ಸೇಫ್ಟಿ ಕೇಬಲ್ ಇದ್ದರೆ ಅಲ್ಲೇ ನೇತಾಡುತ್ತದೆ.

ಸ್ಪ್ರಿಂಗಿನ ಬಲದಿಂದ ಬಾಗಿಲನ್ನು ಮೇಲೆತ್ತುವ ಕೇಬಲ್ ಇರುತ್ತದಲ್ಲ, ಬಾಗಿಲಿನ ಕೆಳ ಮೂಲೆಯಲ್ಲಿ ಅದನ್ನು ಸಿಕ್ಕಿಸಿರುವ ಬ್ರಾಕೆಟ್ ಇನ್ನೊಂದು ಮೋಸದ ಜಾಗ. ಅದರ ಸ್ಕ್ರೂ ನೋಡಲು ಬೇರೆ ಸ್ಕ್ರೂಗಳ ಥರವೇ ಇದೆ, ಆದರೆ ಸ್ಪ್ರಿಂಗಿನ ಪೂರ್ತಿ ಎಳೆತ ಅದರ ಮೇಲಿದೆ. ಸಡಿಲಿಸಿದರೆ ಬ್ರಾಕೆಟ್ ಸಿಡಿದು ಮುಖಕ್ಕೇ ಬರಬಹುದು. ಹೆಂಡತಿಯ ಕೆಂಪು ನೇಲ್ ಪಾಲಿಶ್ ತಂದು ಆ ಸ್ಕ್ರೂಗಳ ತಲೆಗೆಲ್ಲ ಬಳಿದಿದ್ದೇನೆ. ಕೆಂಪು ಕಂಡರೆ ಸ್ಪ್ಯಾನರ್ ಹಾಕಬಾರದು, ನಾನೂ ಸೇರಿ. ಕೇಬಲ್ ಅಲ್ಲೇ ಕೆಳಗೆ ಮೊದಲು ತುಕ್ಕು ಹಿಡಿದು ಎಳೆ ಬಿಡುತ್ತದೆ, ಟಾರ್ಚ್ ಹಾಕಿ ನೋಡಿ.

ಇನ್ನು ಮೋಟಾರ್. ಇದಕ್ಕೆ ಎರಡು ಪರೀಕ್ಷೆ, ತಿಂಗಳಿಗೊಮ್ಮೆ. ಬಾಗಿಲು ಬಂದು ಕೂರುವ ಜಾಗದ ಮಧ್ಯೆ ಸುಮಾರು 4 ಸೆಂ.ಮೀ. ದಪ್ಪದ ಮರದ ಹಲಗೆ ಮಲಗಿಸಿ ಬಾಗಿಲು ಇಳಿಸಿ. ಹಲಗೆಗೆ ತಾಗಿ ಎರಡು ಸೆಕೆಂಡಿನ ಒಳಗೆ ಬಾಗಿಲು ವಾಪಸ್ ಮೇಲೆ ಹೋಗಬೇಕು. ಹಲಗೆಯ ಮೇಲೆ ಒತ್ತಿಕೊಂಡು ನಿಂತರೆ ಫೇಲ್. ಎರಡನೆಯದು ಸೆನ್ಸರ್, ಅಂದರೆ ಬಾಗಿಲಿನ ಎರಡೂ ಪಕ್ಕ ಕೆಳಗೆ ಎದುರುಬದುರು ಕೂರಿಸಿದ ಜೋಡಿ; ಒಂದು ಕಿರಣ ಬಿಡುತ್ತದೆ, ಇನ್ನೊಂದು ಹಿಡಿಯುತ್ತದೆ. ಬಾಗಿಲು ಇಳಿಯುವಾಗ ಉದ್ದ ಪೊರಕೆ ಕಡ್ಡಿಯನ್ನು ಕಿರಣಕ್ಕೆ ಅಡ್ಡ ಹಿಡಿಯಿರಿ, ತಕ್ಷಣ ನಿಂತು ಮೇಲೆ ಹೋಗಬೇಕು. ಬಾಗಿಲ ಕೆಳಗೆ ನೀವೇ ನಿಂತು ನೋಡುವ ಧೈರ್ಯ ಬೇಡ.

ಸೆನ್ಸರ್ ನೆಲದಿಂದ 15 ಸೆಂ.ಮೀ.ಗಿಂತ ಮೇಲೆ ಇರಬಾರದು. ತೆವಳುವ ಮಗು, ಮಲಗಿದ ನಾಯಿ ಎರಡೂ ಕಿರಣಕ್ಕೆ ಸಿಗಬೇಕಲ್ವಾ. ಅಷ್ಟು ಕೆಳಗಿರುವುದರಿಂದಲೇ ಅದಕ್ಕೆ ಕಾಟ ಜಾಸ್ತಿ. ಜೇಡರ ಬಲೆ, ಧೂಳು, ಸೈಕಲ್ ಚಕ್ರ ತಾಗಿ ಓರೆಯಾಗುವುದು. ನಮ್ಮಲ್ಲಿ ಸಂಜೆ ಮಾತ್ರ ಬಾಗಿಲು ಹಠ ಮಾಡುತ್ತಿತ್ತು, ಬೆಳಿಗ್ಗೆ ಸರಿ. ನೋಡಿದರೆ ಇಳಿಬಿಸಿಲು ನೇರವಾಗಿ ಒಂದು ಸೆನ್ಸರಿನ ಕಣ್ಣಿಗೆ ಬೀಳುತ್ತಿತ್ತು. ಕಿರಣ ಬಿಡುವುದನ್ನು ಆ ಕಡೆಗೆ, ಹಿಡಿಯುವುದನ್ನು ನೆರಳಿನ ಕಡೆಗೆ ಅದಲುಬದಲು ಮಾಡಿದೆ, ತೊಂದರೆ ಹೋಯಿತು. ಓರೆಯಾಗಿದ್ದರೆ ರೆಕ್ಕೆ ನಟ್ಟು ಸಡಿಲಿಸಿ, ಸಣ್ಣ ದೀಪ ಮಿಣುಕುವುದು ನಿಂತು ಒಂದೇ ಸಮ ಉರಿಯುವ ತನಕ ಕೂದಲೆಳೆಯಷ್ಟು ತಿರುಗಿಸಿ ಬಿಗಿ ಮಾಡಿದರೆ ಸಾಕು. ಇಷ್ಟು ತಾಳ್ಮೆ ಇಲ್ಲದೆ ಎರಡೂ ಸೆನ್ಸರ್ ಕಿತ್ತು, ಮೇಲೆ ಮೋಟಾರಿನ ಪಕ್ಕ ಎದುರುಬದುರು ಕಟ್ಟಿಟ್ಟ ಮನೆಗಳನ್ನು ನೋಡಿದ್ದೇನೆ. ಬಾಗಿಲೇನೋ ಮುಚ್ಚುತ್ತದೆ. ಯಾರಿದ್ದರೂ ಮುಚ್ಚುತ್ತದೆ.

ಅದೇ ಜಾತಿಯ ಇನ್ನೊಂದು ಉಪಾಯ, ಬಾಗಿಲು ಅರ್ಧಕ್ಕೆ ನಿಂತರೆ ಮೋಟಾರಿನ ಫೋರ್ಸ್ ಜಾಸ್ತಿ ಮಾಡುವುದು. ದಯವಿಟ್ಟು ಬೇಡ. ಬಾಗಿಲು ತಡೆಯುತ್ತಿದೆ ಅಂದರೆ ರೋಲರ್ ಸವೆದಿದೆ, ಟ್ರ್ಯಾಕ್ ಸೊಟ್ಟಗಾಗಿದೆ ಅಥವಾ ಸ್ಪ್ರಿಂಗ್ ಸೋತಿದೆ. ಫೋರ್ಸ್ ಏರಿಸಿದರೆ ಅಡ್ಡ ಬಂದದ್ದನ್ನೂ ಅಷ್ಟೇ ಜೋರಾಗಿ ಒತ್ತುತ್ತದೆ. ನಾನು ಕೀಲುಗಳಿಗೆ, ರೋಲರಿನ ಬೇರಿಂಗಿಗೆ ಲಿಥಿಯಂ ಗ್ರೀಸ್ ಸ್ಪ್ರೇ ಹೊಡೆಯುತ್ತೇನೆ, ಟ್ರ್ಯಾಕ್ ಮಾತ್ರ ಒಣ ಬಟ್ಟೆಯಲ್ಲಿ ಒರೆಸುತ್ತೇನೆ.

ಮಕ್ಕಳ ವಿಷಯಕ್ಕೆ ಬಂದರೆ, ಗೋಡೆಯ ಬಟನ್ ಒಂದೂವರೆ ಮೀಟರ್ ಮೇಲಕ್ಕೆ ಹೋಯಿತು, ಅಲ್ಲಿ ನಿಂತರೆ ಬಾಗಿಲು ಕಾಣುವ ಹಾಗೆ. ಸೆನ್ಸರ್ ಕೆಟ್ಟಾಗಲೂ ಆ ಬಟನ್ ಒತ್ತಿಯೇ ಹಿಡಿದರೆ ತುಂಬಾ ಮೋಟಾರ್‌ಗಳು ಬಾಗಿಲು ಮುಚ್ಚಿಬಿಡುತ್ತವೆ. ಆಗ ಕಾಯುವುದು ನಮ್ಮ ಕಣ್ಣು ಮಾತ್ರ. ಇಳಿಯುವ ಬಾಗಿಲ ಕೆಳಗೆ ನುಸುಳಿ ಓಡುವ ಆಟ ನಮ್ಮ ಮನೆಯಲ್ಲಿ ಬಂದ್. ನೆಲದ ಮೇಲೆ ಹಳದಿ ಗೆರೆ ಎಳೆದು, ಬಾಗಿಲು ಪೂರ್ತಿ ನಿಲ್ಲುವ ತನಕ ದಾಟಬಾರದು ಅಂದೆ. ಈಗ ಚಿಕ್ಕವಳು ನನ್ನನ್ನೇ ಗದರುತ್ತಾಳೆ. ಬಾಗಿಲಿನ ಹಲಗೆ ಹಲಗೆ ಸೇರುವ ಸಂದಿಯಲ್ಲಿ ಬೆರಳು ಇಡುವುದು ದೊಡ್ಡವರ ಚಟ. ಕೈಯಲ್ಲಿ ಎಳೆಯುವಾಗ ಹಿಡಿಯಲು ಬೇರೇನೂ ಸಿಗದಿದ್ದರೆ ಎಲ್ಲರೂ ಅಲ್ಲೇ ಹಿಡಿಯುತ್ತಾರೆ. ಒಳಗೂ ಹೊರಗೂ ಹಿಡಿಕೆ ಹಾಕಿಸಿದೆ.

ಕೆಂಪು ಹಗ್ಗ ಎಳೆಯುವುದನ್ನು ಅಮ್ಮನಿಗೂ ಕಲಿಸಿದ್ದೇನೆ, ಕರೆಂಟ್ ಹೋದಾಗ ಅವರೊಬ್ಬರೇ ಇದ್ದರೆ ಅಂತ. ಒಂದೇ ಷರತ್ತು, ಬಾಗಿಲು ಮುಚ್ಚಿರಬೇಕು. ಸ್ಪ್ರಿಂಗ್ ತುಂಡಾಗಿ ಬಾಗಿಲು ಮೇಲಿರುವಾಗ ಎಳೆದರೆ ಅಷ್ಟೂ ಭಾರ ಒಂದೇ ಸಲಕ್ಕೆ ಕೆಳಗೆ ಬೀಳುತ್ತದೆ. ಪಟಾಕಿಯಂಥ ಸದ್ದು ಕೇಳಿ, ಸ್ಪ್ರಿಂಗಿನ ಸುತ್ತುಗಳ ನಡುವೆ ಬಿರುಕು ಕಂಡರೆ ಹಗ್ಗವೂ ಬೇಡ, ಬಟನ್ನೂ ಬೇಡ. ಕಳ್ಳರು ಮೇಲಿನ ಸಂದಿಯಿಂದ ಕಂಬಿ ತೂರಿಸಿ ಹಗ್ಗ ಎಳೆಯುತ್ತಾರೆ ಅಂತ ಕೆಲವರು ಅದನ್ನು ಪ್ಲಾಸ್ಟಿಕ್ ಟೈನಿಂದ ಕಟ್ಟುತ್ತಾರೆ. ನಾನು ಕಟ್ಟಲಿಲ್ಲ. ಬೆಂಕಿ ಬಿದ್ದಾಗ ಬಿಚ್ಚುತ್ತಾ ಕೂರಲು ಆಗುತ್ತದಾ? ಹಗ್ಗದ ಕೊಂಡಿಗೆ ಅಡ್ಡ ಒಂದು ತಗಡು ಹಾಕಿದೆ. ರಿಮೋಟ್ ಕಾರಿನಲ್ಲಿ ಬಿಡುವುದಿಲ್ಲ, ಕಳೆದುಹೋದರೆ ಮೋಟಾರಿನ ಮೆಮೊರಿ ಅಳಿಸಿ ಉಳಿದವನ್ನು ಮತ್ತೆ ಜೋಡಿಸುತ್ತೇನೆ.

ಅಮೆರಿಕದಲ್ಲಿ 1993ರ ಜನವರಿ 1ರಿಂದ ತಯಾರಾದ ಮನೆ ಬಳಕೆಯ ಮೋಟಾರ್‌ಗಳಿಗೆ ಸೆನ್ಸರ್ ಥರದ ಎರಡನೇ ರಕ್ಷಣೆ ಕಡ್ಡಾಯ. ಅದಕ್ಕಿಂತ ಹಳೆಯದು, ಸೆನ್ಸರೇ ಇಲ್ಲದ್ದು ನಿಮ್ಮಲ್ಲಿದ್ದರೆ ರಿಪೇರಿಗೆ ದುಡ್ಡು ಸುರಿಯಬೇಡಿ, ಮೋಟಾರೇ ಬದಲಿಸಿ. ಹಲಗೆಯ ಪರೀಕ್ಷೆಯಲ್ಲಿ ಫೇಲಾದರೆ ಪ್ಲಗ್ ಕಿತ್ತಿಟ್ಟು, ಸರಿಹೋಗುವ ತನಕ ಕಾರು ಹೊರಗೇ ನಿಲ್ಲಿಸಿ.