ಟ್ಯಾಟೂ ಇರುವ ಕೈಯಲ್ಲಿ ವಾಚ್ ಹೃದಯಬಡಿತ ತೋರಿಸದಿದ್ದರೆ

ವಾಚ್‌ನ ಹಿಂಬದಿಯಲ್ಲಿ ಮಿನುಗುವ ಹಸಿರು ಎಲ್‌ಇಡಿ ಚರ್ಮದೊಳಕ್ಕೆ ಬೆಳಕು ಹಾಯಿಸುತ್ತದೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುವುದರಿಂದ, ಪ್ರತಿ ಬಡಿತಕ್ಕೂ ಮರಳಿ ಬರುವ ಬೆಳಕು ಒಂದಿಷ್ಟು ತಗ್ಗುತ್ತದೆ. ಪಕ್ಕದಲ್ಲಿರುವ, ಬೆಳಕನ್ನು ಅಳೆಯುವ ಫೋಟೊಡಯೋಡ್ ಎಣಿಸುವುದು ಈ ಸಣ್ಣ ಏರಿಳಿತವನ್ನೇ. ಟ್ಯಾಟೂ ಶಾಯಿ ಕೂರುವುದು ಮೇಲ್ಪದರದಲ್ಲಲ್ಲ. ಸುಮಾರು 1–2 ಮಿ.ಮೀ. ಆಳದಲ್ಲಿ, ಸಣ್ಣ ರಕ್ತನಾಳಗಳು ಹರಡಿರುವ ಪದರದಲ್ಲಿ. ಬೆಳಕು ರಕ್ತವನ್ನು ಮುಟ್ಟುವ ಮೊದಲೇ ಶಾಯಿ ಅದನ್ನು ನುಂಗುತ್ತದೆ. ಸೆನ್ಸರ್ ಗಾಜನ್ನು ಎಷ್ಟು ಒರೆಸಿದರೂ, ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರೂ ಇದು ಸರಿಹೋಗುವುದಿಲ್ಲ.

ಒತ್ತಾಗಿ ತುಂಬಿದ ಕಪ್ಪು ಬಣ್ಣವೇ ಹೆಚ್ಚು ತೊಂದರೆ ಕೊಡುತ್ತದೆ, ಏಕೆಂದರೆ ಇಂಗಾಲದ ಕಣಗಳು ಎಲ್ಲ ಬಣ್ಣದ ಬೆಳಕನ್ನೂ ಹೀರುತ್ತವೆ. ಹಲವರು ಊಹಿಸದೆ ಇರುವುದು ಕೆಂಪು ಶಾಯಿ: ಅದು ಕೆಂಪಾಗಿ ಕಾಣುವುದೇ ಹಸಿರು ಬೆಳಕನ್ನು ಹೀರಿಕೊಳ್ಳುವುದರಿಂದ. ತೆಳು ಗೆರೆಗಳ ಚಿತ್ರದಲ್ಲಿ ನಡುನಡುವೆ ಬರಿ ಚರ್ಮ ಸಿಗುವುದರಿಂದ ಸಾಮಾನ್ಯವಾಗಿ ಅಡ್ಡಿಯಿಲ್ಲ.

ಕಾರಣ ಟ್ಯಾಟೂವೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಸಡಿಲ ಪಟ್ಟಿ, ತಣ್ಣಗಾದ ಕೈ, ಅಂಟಿದ ಲೋಷನ್ ಇವೂ ಇದೇ ಲಕ್ಷಣ ತೋರಿಸುತ್ತವೆ.

1. ಚರ್ಮವನ್ನೂ ಸೆನ್ಸರನ್ನೂ ಒರೆಸಿ ಒಣಗಿಸಿ. ಮಣಿಕಟ್ಟಿನ ಮೂಳೆಯಿಂದ ಒಂದೆರಡು ಬೆರಳಗಲ ಮೇಲೆ, ವಾಚ್ ಜಾರದಷ್ಟು ಬಿಗಿಯಾಗಿ ಕಟ್ಟಿ. ಕೈಗೆ ಜೋಮು ಹಿಡಿಯುವಷ್ಟು ಬಿಗಿದರೆ ರಕ್ತದ ಹರಿವೇ ತಗ್ಗಿ ಅಳತೆ ಇನ್ನಷ್ಟು ಕೆಡುತ್ತದೆ.
2. ಐದು ನಿಮಿಷ ಸುಮ್ಮನೆ ಕುಳಿತು, ಇನ್ನೊಂದು ಕೈಯ ಹೆಬ್ಬೆರಳ ಬುಡದಲ್ಲಿ ನಾಡಿ ಹಿಡಿದು 30 ಸೆಕೆಂಡು ಎಣಿಸಿ, ಎರಡರಿಂದ ಗುಣಿಸಿ. ವಾಚ್ ತೋರಿಸುವ ಸಂಖ್ಯೆಯ ಜೊತೆ ಹೋಲಿಸಿ.
3. ಅದೇ ವಾಚನ್ನು ಶಾಯಿಯಿಲ್ಲದ ಕೈಗೆ ಕಟ್ಟಿ ಮತ್ತೊಮ್ಮೆ ಹೋಲಿಸಿ. ಇಲ್ಲಿ ಸರಿಯಾಗಿ ಬಂದು ಅಲ್ಲಿ ಬರದಿದ್ದರೆ ವಾಚ್ ಕೆಟ್ಟಿಲ್ಲ.

ಸಂಖ್ಯೆಯೇ ಬರದಿದ್ದರೆ ಕನಿಷ್ಠ ಗೊತ್ತಾದರೂ ಆಗುತ್ತದೆ. ತಪ್ಪು ಸಂಖ್ಯೆ ಬಂದಾಗ ಮೋಸಹೋಗುವುದು ಸುಲಭ. ಓಡುವಾಗ ನಾಡಿಯ ಸಂಕೇತ ಕ್ಷೀಣವಾಗಿದ್ದರೆ, ಸೆನ್ಸರ್ ಹೆಜ್ಜೆಯ ಕುಲುಕನ್ನೇ ಬಡಿತವೆಂದು ಎಣಿಸಿಬಿಡುತ್ತದೆ. ನಿಧಾನವಾಗಿ ಓಡುತ್ತಿದ್ದರೂ ವಾಚ್ 160–180ರಲ್ಲೇ ನಿಂತಿದ್ದರೆ, ನಿಮಿಷಕ್ಕೆ ಇಡುವ ಹೆಜ್ಜೆಗಳನ್ನು ಎಣಿಸಿ ನೋಡಿ. ಎರಡೂ ಒಂದೇ ಆಗಿದ್ದರೆ ಆ ಸಂಖ್ಯೆಯನ್ನು ನಂಬಬೇಡಿ.

ಆ್ಯಪಲ್ ವಾಚ್‌ನಲ್ಲಿ ಇನ್ನೊಂದು ಕಿರಿಕಿರಿಯಿದೆ: ವಾಚ್ ಕೈಯಲ್ಲಿದೆ ಎಂಬುದೇ ಅದಕ್ಕೆ ತಿಳಿಯದೆ ಪದೇಪದೇ ಲಾಕ್ ಆಗುತ್ತದೆ. 2015ರಲ್ಲಿ ಮೊದಲ ಮಾದರಿ ಬಂದ ಕೆಲವೇ ದಿನಗಳಲ್ಲಿ ಈ ದೂರು ಕೇಳಿಬಂದಿತ್ತು. ಕೆಲವು ಟ್ಯಾಟೂಗಳ ಶಾಯಿ, ವಿನ್ಯಾಸ, ದಟ್ಟಣೆ ಬೆಳಕನ್ನು ತಡೆಯಬಹುದೆಂದು ಕಂಪನಿಯೂ ತನ್ನ ಸಹಾಯ ಪುಟದಲ್ಲಿ ಬರೆದಿದೆ. ಫೋನಿನ ವಾಚ್ ಆ್ಯಪ್‌ನ ಪಾಸ್‌ಕೋಡ್ ವಿಭಾಗದಲ್ಲಿ ರಿಸ್ಟ್ ಡಿಟೆಕ್ಷನ್ ಆಫ್ ಮಾಡಿದರೆ ಲಾಕ್ ಆಗುವುದು ನಿಲ್ಲುತ್ತದೆ. ಆದರೆ ಕೈಯಿಂದ ತೆಗೆದಿಟ್ಟಾಗಲೂ ಅದು ತಾನಾಗಿ ಲಾಕ್ ಆಗುವುದಿಲ್ಲ, ಹಿನ್ನೆಲೆಯಲ್ಲಿ ನಡೆಯುವ ಹೃದಯಬಡಿತದ ದಾಖಲೆಯೂ ನಿಲ್ಲುತ್ತದೆ. ಸೆನ್ಸರ್ ಮೇಲೆ ಪಾರದರ್ಶಕ ಎಪಾಕ್ಸಿ ಸ್ಟಿಕ್ಕರ್ ಅಂಟಿಸುವ ಉಪಾಯವೂ ಚಾಲ್ತಿಯಲ್ಲಿದೆ. ಅದು ಬೆಳಕನ್ನು ಪ್ರತಿಫಲಿಸಿ, ಚರ್ಮ ಸಿಕ್ಕಿತೆಂದು ವಾಚನ್ನು ನಂಬಿಸುತ್ತದೆ ಅಷ್ಟೆ. ಬಡಿತದ ಲೆಕ್ಕ ಸುಧಾರಿಸುವುದಿಲ್ಲ, ವಾಚ್ ಕಳುವಾದರೂ ತೆರೆದೇ ಇರಬಹುದು. ಇದನ್ನು ಮಾಡದಿರುವುದೇ ಒಳ್ಳೆಯದು.

ಎಲ್ಲಕ್ಕಿಂತ ಸುಲಭದ ಪರಿಹಾರ ಜಾಗ ಬದಲಿಸುವುದು. ಇನ್ನೊಂದು ಕೈಗೆ ಕಟ್ಟಿ, ಸೆಟ್ಟಿಂಗ್‌ನಲ್ಲೂ ಕೈ ಬದಲಿಸಿ. ಎರಡೂ ಕೈ ತುಂಬಿದ್ದರೆ ಸೆನ್ಸರನ್ನು ಮಣಿಕಟ್ಟಿನ ಒಳಬದಿಗೆ ತಿರುಗಿಸಿ. ಕುಳಿತಾಗ, ಮಲಗಿದಾಗ ಸಾಕಾಗುತ್ತದೆ, ಕೈ ಮಡಚುವ ವ್ಯಾಯಾಮದಲ್ಲಿ ಸ್ನಾಯುರಜ್ಜುಗಳ ಚಲನೆ ಅಳತೆಯನ್ನು ಕೆಡಿಸುತ್ತದೆ. ಪೋಲಾರ್ ವೆರಿಟಿ ಸೆನ್ಸ್‌ನಂಥ ತೋಳುಪಟ್ಟಿಗಳಿಗೂ ಬರಿ ಚರ್ಮ ಬೇಕು, ಏಕೆಂದರೆ ಅವೂ ಬೆಳಕಿನಿಂದಲೇ ಕೆಲಸ ಮಾಡುತ್ತವೆ. ಹೊಸ ಟ್ಯಾಟೂ ಪೂರ್ತಿ ಮಾಯುವವರೆಗೆ ಅದರ ಮೇಲೆ ಏನನ್ನೂ ಕಟ್ಟಬೇಡಿ.

ವ್ಯಾಯಾಮದ ಲೆಕ್ಕ ನಿಖರವಾಗಿರಬೇಕಿದ್ದರೆ ಎದೆಪಟ್ಟಿ ಕೊಳ್ಳಿ. ಪೋಲಾರ್ ಎಚ್10ನಂಥವು ಹೃದಯದ ವಿದ್ಯುತ್ ಸಂಕೇತವನ್ನು ಹಿಡಿಯುತ್ತವೆ. ಎದೆಯ ಮೇಲೆ ಟ್ಯಾಟೂ ಇದ್ದರೂ ಶಾಯಿಯ ಬಣ್ಣ ಅಡ್ಡಬರುವುದಿಲ್ಲ. ಚರ್ಮಕ್ಕೆ ತಾಗಿ ಈ ಸಂಕೇತ ಹಿಡಿಯುವ ಎಲೆಕ್ಟ್ರೋಡ್‌ಗಳನ್ನು ನೀರಿನಿಂದ ಒದ್ದೆ ಮಾಡಿ, ಎದೆಯ ಸ್ನಾಯುಗಳ ಕೆಳಗೆ ಜಾರದಂತೆ ಕಟ್ಟಿ. ವಾಚ್‌ನ ಬ್ಲೂಟೂತ್ ಅಥವಾ ಸೆನ್ಸರ್ ಮೆನುವಿನಲ್ಲಿ ಜೋಡಿಸಿ. ಸಿಗದಿದ್ದರೆ ಫೋನಿನ ಆ್ಯಪ್ ಮುಚ್ಚಿ ನೋಡಿ. ಕೆಲವು ಪಟ್ಟಿಗಳು ಒಂದೇ ಬ್ಲೂಟೂತ್ ಸಂಪರ್ಕ ಒಪ್ಪುತ್ತವೆ. ಶುರುವಿನ ಕೆಲವು ನಿಮಿಷ ಅಂಕಿ ಹುಚ್ಚಾಪಟ್ಟೆ ಹಾರಿದರೆ ಎಲೆಕ್ಟ್ರೋಡ್ ಒಣಗಿದೆ ಎಂದರ್ಥ. ಬೆವರು ಬಂದಮೇಲೆ ಸರಿಹೋಗುತ್ತದೆ. ಬಳಸಿದ ಮೇಲೆ ಬ್ಯಾಟರಿಯಿರುವ ಮಾಡ್ಯೂಲ್ ಬಿಚ್ಚಿಟ್ಟು ಪಟ್ಟಿಯನ್ನು ತೊಳೆಯಿರಿ. ಹಾಗೆಯೇ ಬಿಟ್ಟರೆ ಉಪ್ಪು ಕಟ್ಟಿ ಎಲೆಕ್ಟ್ರೋಡ್ ಬೇಗ ಹಾಳಾಗುತ್ತದೆ, ಬ್ಯಾಟರಿಯೂ ಸುಮ್ಮನೆ ಖಾಲಿಯಾಗುತ್ತದೆ.